ನೀರಿನ ಕೆಳಗಿನ ಗಾಯರಾಣ

1955ರ ಆಷಾಢದ ಒಂದು ಮಂಗಳವಾರ ರೋಣದಲ್ಲಿ ನೀಲಿ ಬಣ್ಣ ತೀರಿಹೋಯಿತು. ಓದುಗರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಡೀ ತಾಲೂಕಿನಲ್ಲಿ ನಕಾಶೆಗೆ ಹಚ್ಚುವ ನೀಲಿ ಇದ್ದದ್ದು ಒಂದೇ ಕಡೆ, ಅಜ್ಜಪ್ಪನ ಬಣ್ಣದ ಪೆಟ್ಟಿಗೆಯಲ್ಲಿ. ಅದೂ ಒಂದೇ ಬಿಲ್ಲೆ. ಮೂವತ್ತು ವರ್ಷ ಊರೂರಿನ ಹೊಲಗಳ ನಕಾಶೆ ಬರೆದು ಪೆನ್ಶನ್ನಿಗೆ ಬಂದಿದ್ದ ಅಜ್ಜಪ್ಪ, ಆ ಬಿಲ್ಲೆ ತನ್ನ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ ಎಂದು ನಂಬಿದ್ದ. ನಮ್ಮ ಸೀಮೆಯಲ್ಲಿ ನೀಲಿ ಹಚ್ಚುವಂಥ ಜಾಗ ಎಷ್ಟಿವೆ? ಒಂದೆರಡು ಹಳ್ಳ, ನಾಲ್ಕು ಕೆರೆ. ಹಳ್ಳಕ್ಕಂತೂ ವರ್ಷದಲ್ಲಿ ಎರಡು ತಿಂಗಳು ಮಾತ್ರ ಆ ಬಣ್ಣದ ಮೇಲೆ ಹಕ್ಕು.

ಬಿಲ್ಲೆಯನ್ನು ತೀರಿಸಿದ್ದು ಸಮುದ್ರ.

ರಾಜೂರಿನ ಗವಿಸಿದ್ದಪ್ಪ ಕಾರವಾರದ ಕಡೆ ಮೀನುಗಾರಿಕೆಯ ಸರ್ವೇ ತಂಡವೊಂದರಲ್ಲಿ ಕಾರಕೂನನಾಗಿದ್ದ. ಸಣ್ಣದೊಂದು ನಡುಗಡ್ಡೆಯ ಸುತ್ತ ದೋಣಿಯಲ್ಲಿ ಅಲೆದು, ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಆಳ ಎಷ್ಟು ಮಾರು, ತಳ ಎಂಥದ್ದು ಎಂದು ಬರೆದುಕೊಳ್ಳುವುದು ಆ ತಂಡದ ಕೆಲಸ. ಗುಂಡಿನ ಅಡಿಯ ಕುಳಿಗೆ ಕೊಬ್ಬು ಮೆತ್ತಿರುತ್ತಾರೆ. ತಳದ ಕೆಸರೋ ಮರಳೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಹವಳದ ದಿಬ್ಬವಾದರೆ ಕೊಬ್ಬಿನ ಮೇಲೆ ಗೀರು ಬಿದ್ದು, ಬಿಳಿ ಚೂರು ಸಿಕ್ಕಿಕೊಂಡಿರುತ್ತದೆ. ಹೀಗೆ ನಾನೂರ ಹನ್ನೆರಡು ಕಡೆ ಅಳೆದಾಗ ಮಳೆಗಾಲ ಬಂತು, ದೋಣಿಗಳು ದಂಡೆ ಹತ್ತಿದವು. ನಕಾಶೆ ಬರೆಯಲು ಕೂತರೆ ಆ ಥಂಡಿಗೆ ಕಾಗದವೇ ಬೆವರುತ್ತಿತ್ತು. ತಂಡದ ಸಾಹೇಬರು ತಲೆಯ ಮೇಲೆ ಕೈ ಹೊತ್ತಾಗ ಗವಿಸಿದ್ದಪ್ಪ, "ನಮ್ಮ ಕಡೆ ಆಷಾಢದಾಗೂ ಹಪ್ಪಳ ಒಣಗತಾವ್ರಿ" ಎಂದನಂತೆ.

ಸಮುದ್ರವು ಒಂದು ಟ್ರಂಕಿನಲ್ಲಿ ಕೂತು, ಗದಗಿನ ಬಸ್ಸಿನ ಮೇಲೆ ರೋಣಕ್ಕೆ ಬಂದದ್ದು ಹೀಗೆ.

ಅಜ್ಜಪ್ಪ ಸಮುದ್ರವನ್ನು ಕಂಡವನಲ್ಲ. ಆದರೂ ಒಪ್ಪಿಕೊಂಡದ್ದು ಒಂದೇ ಆಸೆಗೆ. ಅವನು ಬರೆದ ಇನ್ನೂರ ಹತ್ತು ನಕಾಶೆಗಳ ಮೂಲೆಯಲ್ಲಿ ಇನ್ನೂರ ಹತ್ತು ಸಲ ಮೇಲಿನವರ ಹೆಸರಿತ್ತು.

"ಒಂದರಾಗರ ಇವರ ಹೆಸರು ಬರಲಿಲ್ಲಪಾ," ಎಂದಳು ಹೆಂಡತಿ ಸಿದ್ದಲಿಂಗವ್ವ, ಗವಿಸಿದ್ದಪ್ಪನ ಮುಂದೆ ಚಹಾ ಇಡುತ್ತ. "ಕೈ ಇವರದು, ಹೆಸರು ಮಂದೀದು."

"ಇದರಾಗ ಬರ್ತೈತಿ ಚಿಗವ್ವಾ. ತಿದ್ದುಪಡಿ ಇಲ್ಲದ ಪಾಸಾದರ ಬರದವರ ಹೆಸರು ಹಾಕ್ತೀನಿ ಅಂದಾರ ಸಾಹೇಬ್ರು. ತಿದ್ದುಪಡಿ ಬಂತಂದ್ರ ತಿದ್ದಿದವರ ಹೆಸರು. ಅದು ಅವರ ಕಾಯ್ದೆ."

"ಮೂವತ್ತು ವರ್ಷದಾಗ ನನಗ ಒಂದ ತಿದ್ದುಪಡಿ ಬಂದಿಲ್ಲ," ಎಂದ ಅಜ್ಜಪ್ಪ. ಇದು ಖರೇ ಮಾತು.

ಗವಿಸಿದ್ದಪ್ಪ ರಾಜೂರಿಗೆ ಹೋದ. ಅಜ್ಜಪ್ಪ ಪಡಸಾಲೆಯಲ್ಲಿ ಹಲಗೆ ಹಾಕಿ ಕೂತ. ಆಳದ ಅಂಕಿಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದು ಅವನ ರೂಢಿ.

"ಎಂಟು ಮಾರು... ಒಂಬತ್ತು ಮಾರು..."

"ಎಂಟ ಮಾರೇನ್ರಿ?" ಒಳಗಿನಿಂದ ಸಿದ್ದಲಿಂಗವ್ವ. "ನಮ್ಮ ಬಾವಿನ ಹನ್ನೊಂದು ಮಾರು ಐತಿ. ಇಷ್ಟಕ್ಕ ಸಮುದ್ರ ಅಂತಾರು!"

ಕಡಲೆ ವ್ಯಾಪಾರಿ ಪ್ರಭುಲಿಂಗಪ್ಪ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. "ಏನೋ ಅಜ್ಜಪ್ಪಾ, ಸಮುದ್ರಕ್ಕ ಬದುವು ಹಾಕಾಕತ್ತೀಯಂತ? ನನಗೂ ನಾಕ ಎಕರೆ ನೋಡಿಡು, ನೀರಾವರಿ ಜಮೀನು."

"ನಿಮಗ ಕೊಡೂದ ಬ್ಯಾಡ್ರಿ," ಎಂದ ಅಜ್ಜಪ್ಪ, ತಲೆ ಎತ್ತದೆ. "ನೀವ ತಗೋತೀರಿ."

ಪ್ರಭುಲಿಂಗಪ್ಪ ನಕ್ಕ, ಸ್ವಲ್ಪ ತಡವಾಗಿ.

ಕೆಸರಿನ ತಳಕ್ಕೆ ಅಜ್ಜಪ್ಪ ಎರೆಮಣ್ಣಿನ ಕಪ್ಪು ಹಚ್ಚಿದ, ಮರಳಿಗೆ ಮಸಾರಿ ಮಣ್ಣಿನ ಕೆಂಪು. ಅಳತೆಯ ಆಚೆಗಿನ ಸಮುದ್ರಕ್ಕೆಲ್ಲ ನೀಲಿ. ಇಲ್ಲೇ ಬಿಲ್ಲೆ ತೀರಿದ್ದು. ಪಡುವಣ ಮೂಲೆಯೊಂದು ಬೆಳ್ಳಗೆ ಉಳಿಯಿತು. ಸಿದ್ದಲಿಂಗವ್ವ ಧೋತರಕ್ಕೆ ಹಾಕುವ ನೀಲಿಪುಡಿಯನ್ನು ಕಲಸಿಕೊಟ್ಟಳು. ಇವತ್ತಿಗೂ ನಕಾಶೆಯ ಆ ಮೂಲೆಯ ಸಮುದ್ರ ಉಳಿದ ಸಮುದ್ರಕ್ಕಿಂತ ಸ್ವಚ್ಛವಾಗಿದೆ.

ಹವಳದ ದಿಬ್ಬ ಮಾತ್ರ ಉಳಿಯಿತು. ಅದಕ್ಕೆ ಬಣ್ಣ ಹಚ್ಚದೆ ಬಿಳಿ ಬಿಡಬೇಕೆಂದು ಸಾಹೇಬರ ಚೀಟಿಯಿತ್ತು. ಬರುವ ಹಂಗಾಮಿಗೆ ಯಂತ್ರದ ದೋಣಿಗಳು ಬರಲಿದ್ದವು, ತಳಕ್ಕೆ ತಾಗಿ ಎಳೆಯುವ ಬಲೆಯೊಡನೆ. ಬಲೆಗೆ ಯಾವ ತಳ ಒಳ್ಳೆಯದು ಎಂದು ತೋರಿಸಲಿಕ್ಕೇ ಈ ನಕಾಶೆ. ದಿಬ್ಬ ನಿರುಪಯೋಗಿ, ಆದ್ದರಿಂದ ಬಿಳಿ. ಆದರೆ ಅಳತೆಯ ಪುಸ್ತಕದ ಅಂಚಿನಲ್ಲಿ ಗವಿಸಿದ್ದಪ್ಪ ಮೀನುಗಾರರ ಮಾತನ್ನೂ ಬರೆದಿಟ್ಟಿದ್ದ: "ಮರಿಮೀನು ಇಲ್ಲಿಯೇ ಮೇಯುತ್ತವೆ, ಇಲ್ಲಿಯೇ ಅಡಗುತ್ತವೆ."

ಅಜ್ಜಪ್ಪ ಅದನ್ನು ಮೂರು ಸಲ ಓದಿದ. ಆಮೇಲೆ ಕುಂಚವನ್ನು ಹಸಿರಿನಲ್ಲಿ ಅದ್ದಿ, ದಿಬ್ಬಕ್ಕೆಲ್ಲ ಹಚ್ಚಿ, ನಡುವೆ ಮುತ್ತಿನಂಥ ಅಕ್ಷರದಲ್ಲಿ ಬರೆದ: "ಗಾಯರಾಣ. ಕ್ಷೇತ್ರ ಹದಿನಾಲ್ಕು ಎಕರೆ ಮೂರು ಗುಂಟೆ."

ನಕಾಶೆ ಒಯ್ಯಲು ಬಂದ ಗವಿಸಿದ್ದಪ್ಪ ಹೌಹಾರಿದ. "ಕಾಕಾ, ಗಾಯರಾಣ ಅಂದ್ರ ಊರ ದನ ಮೇಯೂ ಜಾಗಾರಿ! ಸಮುದ್ರದಾಗ ಯಾರ ಎಮ್ಮಿ ಅದಾವು?"

"ಮೇಯತಾವು ಅಂತ ನೀನ ಬರದೀಯಲಾ."

"ಮೀನ ಕಾಕಾ, ಮೀನ! ಸಾಹೇಬ್ರು ನಗತಾರ. ತಿದ್ದುಪಡಿ ಬಂದ ಬರ್ತೈತಿ, ನಿಮ್ಮ ಹೆಸರು ಹೋಗತೈತಿ. ಬ್ಲೇಡ್ ತಗೊಂಡು ಹೆರೀರಿ, ಲಗೂ."

ಸಿದ್ದಲಿಂಗವ್ವ ಬ್ಲೇಡು ತಂದು ಹಲಗೆಯ ಮೇಲಿಟ್ಟಳು. ಅಜ್ಜಪ್ಪ ಬ್ಲೇಡನ್ನು ನೋಡಿದ, ಹೆಸರಿಗೆಂದು ಖಾಲಿ ಬಿಟ್ಟಿದ್ದ ಮೂಲೆಯನ್ನೂ ನೋಡಿದ.

"ಶಿರೋಳದ ನಕಾಶಿ ಬರಿಯೂ ಮುಂದ," ಎಂದ ಕೊನೆಗೆ, "ಮ್ಯಾಲಿನವರು ಒಂದು ತುಂಡು ಬಿಳಿ ಬಿಡು ಅಂದ್ರು, ಬಿಟ್ಟೆ. ಊರ ದನ ಅಲ್ಲೇ ಮೇಯತಿದ್ದವು. ಮೂರನೇ ವರ್ಷಕ್ಕ ಅಲ್ಲಿ ಜ್ವಾಳ ಎದ್ದಿತ್ತು. ಯಾರದು ಅಂತ ಕೇಳಬ್ಯಾಡ, ಸಂಜೀಕ ಇದ ಕಟ್ಟಿ ಮ್ಯಾಲ ಬಂದು ಕೂಡತಾರ. ಬಿಳಿ ಬಿಟ್ಟದ್ದನ್ನ ಮಂದಿ ಮೊದಲ ಉಳತಾರೋ ತಮ್ಮಾ. ಹಸರ ಇರಲಿ."

"ಹೆಸರು?"

"ಒಯ್ಯಿ, ಬಸ್ ತಪ್ಪೀತು."

ಶ್ರಾವಣದ ನೂಲ ಹುಣ್ಣಿಮೆಗೆ ನಾಲ್ಕು ದಿನ ಮೊದಲು ಕಾಗದ ಬಂತು. ಗವಿಸಿದ್ದಪ್ಪ ಬರೆದಿದ್ದ: ಸಾಹೇಬರು ನಕಾಶೆ ಬಿಚ್ಚಿದವರೇ ನಕ್ಕರು. ಉಳಿದವರನ್ನು ಕರೆದು ತೋರಿಸಿ ಮತ್ತೆ ನಕ್ಕರು. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಮೀನುಗಾರರ ಹಿರಿಯರನ್ನು ಕರೆಸಿ, ಈ ಹಸಿರು ಜಾಗದಲ್ಲಿ ಬಲೆ ಎಳೆದರೆ ಏನಾಗುತ್ತದೆ ಎಂದು ಕೇಳಿದರು. ಎರಡು ತಾಸು ಮಾತಾಯಿತು. ಮರುದಿನ ನಕಾಶೆ ಪಾಸಾಯಿತು, ಒಂದು ತಿದ್ದುಪಡಿಯೊಡನೆ.

ಅಜ್ಜಪ್ಪ ಕಾಗದವನ್ನು ಮಡಚಿದ.

"ಹೆಸರು ಬರಲಿಲ್ಲೇನ್ರಿ?" ಎಂದಳು ಸಿದ್ದಲಿಂಗವ್ವ.

"ಇಲ್ಲ. ತಿದ್ದ್ಯಾರ."

"ಏನ ತಪ್ಪಾಗಿತ್ತಂತ?"

"ಸಣ್ಣದಾತಂತ. ಮರಿ ತೆಂಕಣ ಮಗ್ಗಲಕ್ಕೂ ಆಡತಾವಂತ. ಗಾಯರಾಣ ಹದಿನೇಳ ಎಕರೆ ಮಾಡ್ಯಾರ."

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು. "ಗಾಯರಾಣ ದೊಡ್ಡದಾಗಿದ್ದು ನಾ ಹುಟ್ಟಿದಾಗಿಂದ ಕೇಳಿಲ್ಲ ನೋಡ್ರಿ," ಎಂದು ಅವಳು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಗಂಡ ಕೇಳಿದ.

"ಪ್ರಭುಲಿಂಗಪ್ಪನವರ ಅಂಗಡಿಗೆ. ಮನ್ಯಾಗ ಕಡ್ಲಿ ತೀರ್ಯಾವು."

ಕಡಲೆ ಡಬ್ಬಿಯ ತುಂಬ ಇತ್ತು. ಅಜ್ಜಪ್ಪ ಅವಳ ಹಿಂದೆ ಬಾಗಿಲ ತನಕ ಬಂದು, ಅವಳು ಬಜಾರದ ತಿರುವು ದಾಟುವವರೆಗೂ ನಿಂತು ನೋಡಿದ.

ಹಂಗಾಮು ಶುರುವಾದಾಗ ಯಂತ್ರದ ದೋಣಿಗಳು ಆ ಹದಿನೇಳು ಎಕರೆ ಬಿಟ್ಟು ಬಲೆ ಎಳೆದವು.