ಒಂಬತ್ತನೇ ನಂಬರಿನ ಚಪ್ಪಲಿ

“ದಾನಕ್ಕೆ ತಾನೇ ಅಮ್ಮಾ? ಯಾವ ಸೈಜಾದ್ರೂ ನಡಿಯುತ್ತೆ,” ಎಂದ ಗಾಂಧಿ ಬಜಾರಿನ ಚಪ್ಪಲಿ ಅಂಗಡಿಯವನು.

“ಇಲ್ಲಪ್ಪ, ಒಂಬತ್ತೇ ಕೊಡು. ಬೇರೆದು ಅವರಿಗೆ ಆಗಲ್ಲ.”

ಹೇಳಿದ ಮೇಲೆ ಭಾಗೀರಥಮ್ಮನಿಗೇ ಗಲಿಬಿಲಿಯಾಯಿತು. ಮಗ ಸಂಕರ್ಷಣ ಅಮ್ಮನ ಮುಖ ನೋಡಿ, ಒಂಬತ್ತಕ್ಕೇ ದುಡ್ಡು ಎಣಿಸಿ ಕೊಟ್ಟ.

ಅವರು ಎಂದರೆ ಗಂಡ ಶೀನಣ್ಣ. ಎಂಬತ್ತಾರನೇ ಇಸವಿಯ ಆಷಾಢದಲ್ಲಿ ಲೈಬ್ರರಿಗೆ ಪುಸ್ತಕ ಹಿಂತಿರುಗಿಸಲು ಹೋದ ಪುಣ್ಯಾತ್ಮ ಪುಸ್ತಕವನ್ನೇನೋ ಹಿಂತಿರುಗಿಸಿದ್ದ, ತಾನು ತಿರುಗಿ ಬರಲಿಲ್ಲ. ಜಗಳವಿಲ್ಲ, ಕಾಗದವಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ದರ್ಭೆಯ ಬೊಂಬೆ ಮಾಡಿ, ಸುಟ್ಟು, ಕರ್ಮ ಮುಗಿಸಬೇಕಂತೆ. ನೆಂಟರೆಲ್ಲ ಒಂದೇ ಸಮನೆ ಹೇಳಿ ಹೇಳಿ ತಾಯಿ ಮಗನನ್ನು ಗೋಕರ್ಣಕ್ಕೆ ಹೊರಡಿಸಿದ್ದರು.

ಬೊಂಬೆ ಉರಿಯುವಾಗ ಭಾಗೀರಥಮ್ಮನಿಗೆ ಅಳು ಬರಲಿಲ್ಲ. ಒಂದು ಹಿಡಿ ಹುಲ್ಲಿಗೆ ಎಷ್ಟು ಅಂತ ಅಳುವುದು! ಹತ್ತನೆಯ ದಿನ ಕುಂಕುಮ ಅಳಿಸಿಕೊಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಅಭ್ಯಾಸಬಲದಿಂದ ಮತ್ತೆ ಇಟ್ಟುಕೊಂಡುಬಿಟ್ಟರು. ಒರೆಸಲೋ ಬಿಡಲೋ ತಿಳಿಯದೆ, ಹಣೆ ಮುಚ್ಚುವ ಹಾಗೆ ಸೆರಗು ಎಳೆದುಕೊಂಡು ಸಮುದ್ರದ ದಂಡೆಯಲ್ಲಿ ಮಗನ ಹಿಂದೆ ಕೂತರು.

ಸಂಕರ್ಷಣ ಮಂತ್ರ ಹೇಳಿ, ಛತ್ರಿ, ಚಪ್ಪಲಿ ದಾನ ಕೊಟ್ಟ. ತೆಗೆದುಕೊಂಡ ಭಟ್ಟರದು ಪುಟ್ಟ ಪಾದ. “ಸ್ವಲ್ಪ ದೊಡ್ಡದಾಯ್ತು. ಅಡ್ಡಿಯಿಲ್ಲ, ಆಗ್ತದೆ,” ಎಂದು ಮೆಟ್ಟಿಕೊಂಡು, ದಂಡೆಯಗುಂಟ ಎಳೆದೆಳೆದು ನಡೆದರು.

ಒದ್ದೆ ಮರಳಿನ ಮೇಲೆ ಮೂಡಿದ ಹೆಜ್ಜೆಗಳನ್ನು ನೋಡುತ್ತಿದ್ದ ಭಾಗೀರಥಮ್ಮ ತಟ್ಟನೆ ಎದ್ದರು.

“ಸಂಕರ್ಷಣ, ಅದನ್ನ ಈಸ್ಕೊಂಡ್ ಬಾರೋ.”

“ಏನನ್ನಮ್ಮ?”

“ಚಪ್ಪಲಿ. ಬಾಗಿಲ ಹತ್ರ ಇರ್ಲಿ. ಬಂದ್ರೆ ಏನ್ ಹಾಕ್ಕೋತಾರೆ?”

“ಅಮ್ಮಾ! ಕೊಟ್ಟ ದಾನ ವಾಪಸ್ ಕೇಳ್ತಾರಾ? ಮೊನ್ನೆ ಮೊನ್ನೆ ನಾನೇ ಈ ಕೈಯಲ್ಲಿ ಬೆಂಕಿ ಇಟ್ಟಿದೀನಿ.”

“ಗೊತ್ತು ಕಣೋ. ನಾನೂ ನೋಡ್ದೆ. ಆದ್ರೂ ನಂಗೆ ಭಯ ಆಗ್ತಿದೆ. ನಾವು ಮಾಡಿದ್ದು ಸರೀನೇನೋ?”

ಸಂಕರ್ಷಣ ದಂಡೆಯತ್ತ ತಿರುಗಿ ನೋಡಿದ. ಭಟ್ಟರು ಆಗಲೇ ದೂರ ಹೋಗಿದ್ದರು.

ಭಾಗೀರಥಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ದೊಡ್ಡ ಹೆಜ್ಜೆಗಳ ಪಕ್ಕದಲ್ಲೇ, ಒಂದನ್ನೂ ತುಳಿಯದಂತೆ ನಡೆಯತೊಡಗಿದರು. ಗಾಳಿಗೆ ಸೆರಗು ಜಾರಿತ್ತು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು.