ಅಕ್ಕ-ತಂಗಿಗೆ ಜಗಳ ಹಚ್ಚಿದ ಕ್ಷೌರಿಕ

ಕ್ಷೌರದಂಗಡಿಯ ತಾತ ಕತ್ತಿ ಹಿಡಿದರೆಂದರೆ ಕಥೆ ಶುರುವಾಯಿತೆಂದೇ ಅರ್ಥ. ಆದರೆ ಅವರ ಕಥೆಯಲ್ಲಿ ಯಾರೂ ಎಡವುವುದಿಲ್ಲ, ಯಾರೂ ಯಾರನ್ನೂ ಬೈಯುವುದಿಲ್ಲ. ಗಂಟಲ ಮೇಲೆ ಅಲಗು ಓಡುವಾಗ ಗಿರಾಕಿ ನಕ್ಕರೂ ಕಷ್ಟ, ಬೆಚ್ಚಿದರೂ ಕಷ್ಟ. ಹಾಗಾಗಿ ಅವರ ಕಥೆಯಲ್ಲಿ ವಯಸ್ಸಾದ ಅಕ್ಕನೊಬ್ಬಳು ಹೊಳೆಯಾಚೆಯ ತಂಗಿಯನ್ನು ನೋಡಲು ಹೊರಡುತ್ತಾಳೆ. ದೋಣಿ ಕಾದೇ ಇರುತ್ತದೆ. ಹೊಳೆ ಕನ್ನಡಿಯಂತೆ ಮಲಗಿರುತ್ತದೆ. ಅಷ್ಟರಲ್ಲಿ ಗಿರಾಕಿಯ ಗೊರಕೆ. ಗಡ್ಡ ನುಣ್ಣಗೆ, ಮನಸ್ಸೂ ನುಣ್ಣಗೆ. ಇದು ತಮ್ಮ ಕಥೆಗೆ ದೇವರು ಕೊಟ್ಟ ಗುಣವೆಂದು ತಾತ ನಂಬಿದ್ದರು.

ಒಂದು ಸಂಜೆ ಮೊಮ್ಮಗಳು ಓಡಿಬಂದಳು.

"ತಾತಾ, ನಿನ್ನಷ್ಟು ಚೆನ್ನಾಗಿ ಕಥೆ ಹೇಳೋರು ಎಲ್ಲೂ ಇಲ್ಲ ಅಂತ ಶಾಲೇಲಿ ಹೇಳ್ಬಿಟ್ಟಿದೀನಿ. ಭಾನುವಾರ ಎಲ್ಲರೂ ಅಂಗಡಿಗೆ ಬರ್ತಾರೆ!"

"ಬರ್ಲಿ ಬಿಡು, ಪುಟ್ಟಿ."

"ಯಾರಾದ್ರೂ ಆಕಳಿಸಿದ್ರೆ ನನ್ನ ಮಾನ ಹೋಗತ್ತೆ. ಆಮೇಲೆ ನಾನು ಶಾಲೆಗೇ ಹೋಗಲ್ಲ!"

ಚಿಂತೆಗೆ ಬಿದ್ದ ತಾತ ಬಾಚಣಿಗೆ ಒರೆಸುತ್ತಾ ಅಜ್ಜಿಯ ಹತ್ತಿರ ಹೇಳಿಕೊಂಡರು. ಅಜ್ಜಿ ಬಿದ್ದು ಬಿದ್ದು ನಕ್ಕಳು.

"ಆಕಳಿಸೋದೇನು, ಚಾಪೆಗಳನ್ನೇ ಹಾಸಿಡಿ! ಮದುವೆ ಆದಾಗಿಂದ ಕೇಳ್ತಿದೀನಿ, ಆ ಮಹಾತಾಯಿ ದಡ ಮುಟ್ಟೋವರೆಗೆ ನಾನೆಂದೂ ಎಚ್ಚರ ಇದ್ದದ್ದಿಲ್ಲ."

"ನನ್ನ ಕಥೇಲಿ ಏನು ಕಮ್ಮಿಯಾಗಿದೆ?"

"ಏನೂ ಕಮ್ಮಿಯಿಲ್ಲ, ಅದೇ ಅದರ ಕಾಯಿಲೆ. ದೋಣಿ ಇದೆ, ಅಂಬಿಗ ದೇವರಂಥೋನು, ತಂಗಿ ಅಪ್ಪಟ ಚಿನ್ನ. ಬೇಕಾದ್ದೆಲ್ಲ ಅವಳ ಕೈಗೇ ಬಂದು ಬಿದ್ರೆ, ಕೂತು ಕೇಳೋರಿಗೆ ಏನು ಕೆಲಸ? ದೋಣಿ ಕಿತ್ಕೊಳ್ಳಿ. ಅಕ್ಕ-ತಂಗಿಗೆ ಒಂದು ಜಗಳ ಹಚ್ಚಿ."

"ಅಯ್ಯೋ ಪಾಪ, ವಯಸ್ಸಾದೋಳು ಕಣೇ!"

"ಮುಳುಗಿಸಿ ಅಂದೆನಾ? ದಾಟಿಸೋರೂ ನೀವೇ ತಾನೆ? ಗಂಟು ಹಾಕದೆ ಬಿಚ್ಚೋದೇನನ್ನ?"

ಭಾನುವಾರದವರೆಗೂ ತಾತ ಕತ್ತಿಯ ಜೊತೆಗೆ ಈ ಮಾತನ್ನೂ ಮಸೆದರು. ಭಗವಂತನೂ ಹೊಳೆಯನ್ನು ಅಡ್ಡ ಇಟ್ಟೇ ಅಲ್ಲವೇ ಆಚೆ ದಡವನ್ನು ತೋರಿಸಿದ್ದು?

ಆ ದಿನ ಬೆಂಚು, ನೆಲ, ಕುರ್ಚಿಯ ತೋಳು ಎಲ್ಲೆಲ್ಲೂ ಮಕ್ಕಳೇ. ತಾತ ಕತ್ತಿಯನ್ನು ಮಡಚಿಟ್ಟರು.

"ಅಕ್ಕ ದಡಕ್ಕೆ ಬಂದ್ಲು. ಅಲ್ಲಿ ದೋಣಿ..."

ಅಭ್ಯಾಸಬಲ, ದೋಣಿ ಬಂದೇಬಿಡುವುದರಲ್ಲಿತ್ತು. ಮೂಲೆಯಲ್ಲಿ ಒಬ್ಬ ಹುಡುಗಿಯ ಬಾಯಿ ಆಕಳಿಕೆಗೆ ಅರಳತೊಡಗಿತು. ಮೊಮ್ಮಗಳ ಮುಖ ಬಾಡಿತು.

"...ಇರ್ಲಿಲ್ಲ! ಹಗ್ಗ ಬಿಚ್ಕೊಂಡು ತೇಲಿಹೋಗಿತ್ತು!"

ಅರಳಿದ ಬಾಯಿ ಹಾಗೇ ನಿಂತಿತು.

"ಆಚೆ ದಡದಲ್ಲಿ ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ಲು. 'ನನ್ನ ಹೊಸ್ತಿಲು ತುಳಿಯಲ್ಲ ಅಂದೋಳು ಈಗ್ಯಾಕೆ ಬಂದೆ?' 'ಅಮ್ಮನ ಕಂಬಳಿ ಹೊತ್ಕೊಂಡು ಹೋದೆಯಲ್ಲ, ಅದಕ್ಕೇ ಅಂದಿದ್ದು!' ಅಂದ್ಲು ಅಕ್ಕ. 'ಏನಂದೆ? ಕೇಳಿಸ್ತಿಲ್ಲ!'"

ಬೈಗುಳ ಚೆನ್ನಾಗಿ ಕೇಳಿಸಲೆಂದು ಅಕ್ಕ ನೀರಿಗೆ ಒಂದು ಹೆಜ್ಜೆ ಇಟ್ಟಳು. ಉತ್ತರ ಕೊಡಲು ತಂಗಿಯೂ ಇಳಿದಳು. "ಹೊಟ್ಟೆಕಿಚ್ಚಿನ ಮೂಟೆ!" ಪಾದ ಮುಳುಗಿತು. "ಹುಳಿಮೋರೆ!" ಮೊಣಕಾಲು ಮುಳುಗಿತು. ತಾತನ ದನಿ ಏರಿದಂತೆ ಮಕ್ಕಳೂ ಎದ್ದು ನಿಂತರು.

"ತಾತಾ, ಮುಳುಗ್ತಾರೆ! ನಿಲ್ಸಿ!"

"ನಿಲ್ಸೋಕೆ ಅವರು ಕೇಳಬೇಕಲ್ಲ! ಬೈಕೊಂಡು ಬೈಕೊಂಡು ನಡುಹೊಳೆಗೆ ಬಂದ್ರು. ನೋಡ್ತಾರೆ, ನೀರು ಬರೀ ಸೊಂಟದುದ್ದ! ಅಷ್ಟು ವರ್ಷ ಇಬ್ಬರೂ ದೋಣಿಯ ನೆಪ ಹೇಳ್ತಿದ್ರೇ ಹೊರತು ಒಬ್ಬಳೂ ಇಳಿದು ನೋಡಿರ್ಲಿಲ್ಲ. ತಂಗಿ ಅಕ್ಕನ ಕೈ ಹಿಡಿದ್ಲು. 'ನಡುಗ್ತಿದೀಯಲ್ಲೇ. ಬಾ, ಕಂಬಳಿ ಹೊದಿಸ್ತೀನಿ.'"

ಆಮೇಲೆ ಅಂಗಡಿಯೇ ಹಾರಿಹೋಗುವಂತೆ ಗದ್ದಲ.

"ಕಂಬಳಿ ಅಕ್ಕಂದೇ!"

"ಅದ್ಹೇಗೆ? ಕೊನೆಗಾಲದಲ್ಲಿ ಅಮ್ಮನ್ನ ನೋಡ್ಕೊಂಡೋಳು ಯಾರು?"

"ಅದನ್ನ ತಾತ ಹೇಳಲೇ ಇಲ್ಲ!"

"ಹೇಳಬೇಕಾ? ಗೊತ್ತಾಗಲ್ವಾ?"

ವಾದಿಸುತ್ತಲೇ ಮಕ್ಕಳು ಬೀದಿಗಿಳಿದರು. ಎಲ್ಲರಿಗಿಂತ ದೊಡ್ಡ ಗಂಟಲು ಮೊಮ್ಮಗಳದೇ. ತಂಗಿಯ ಪರ ಕೂಗಾಡುವ ಭರದಲ್ಲಿ ಅವಳು ತಾತನ ಕಡೆ ತಿರುಗಿಯೂ ನೋಡಲಿಲ್ಲ.

"ನೋಡಿದ್ರಾ?" ಅಜ್ಜಿ ಬಾಗಿಲಿಗೆ ಒರಗಿ ನಕ್ಕಳು. "ಈಗ ಮನೆಮನೆಗೂ ಜಗಳ ಹಚ್ಚಿ ಕಳಿಸಿದ್ರಿ."

"ಎಲ್ಲಾ ದೇವರ ದಯೆ," ಎಂದು ತಾತ ಕೈ ಮುಗಿದರು.