ತಲೆದೆಸೆಯ ಬ್ರಾಂದಿ

ತಲೆದೆಸೆಯಲ್ಲಿಟ್ಟಿದ್ದ ಬಾಟ್ಲಿಯ ಮುಚ್ಚಳ ತಿರುವಿ, ಸತ್ತು ಮಲಗಿದ್ದ ಅಣ್ಣನ ಬಾಯಿಗೆ ಎರಡು ತೊಟ್ಟು ಬ್ರಾಂದಿ ಬಿಡಲು ಪಿಳ್ಳಪ್ಪ ಬಗ್ಗಿದ್ದ. ಆಂಜನಮ್ಮ ಅವನ ಕೈ ಹಿಡಿದುಬಿಟ್ಟಳು.

“ಏನೋ ಇದು?”

“ರೂಢಿ ಅಲ್ವಾ ಅತ್ಗೆ? ಕುಡಿಯೋರಿಗೆ ಕೊನೇಲಿ ಬಿಡ್ಬೇಕು. ಬಾಯಿ ಒಣಗ್ಸಿ ಕಳಿಸ್ಬಾರ್ದು.”

“ನಿಮ್ಮಣ್ಣ ಕುಡಿದಿದ್ದು ಯಾವತ್ತು ನೋಡಿದ್ದೆ ನೀನು?”

“ಲಿವರ್ ಹೋಗಿತ್ತಲ್ಲ…” ಪಿಳ್ಳಪ್ಪ ಸುತ್ತಲೂ ನೋಡಿದ. ಅಂಗಳದ ತುಂಬ ಕೂತಿದ್ದ ದೊಡ್ಡನೆಕ್ಕುಂದಿಯ ಜನ ತಲೆ ತಗ್ಗಿಸಿದರು. ಹೊಟ್ಟೆ ಊದಿ ಕಣ್ಣು ಹಳದಿಯಾದ ದಿನದಿಂದ ಕುಡಿದೇ ಲಿವರ್ ಹೋಯಿತೆಂದು ಊರು ಆಡಿಕೊಂಡಿತ್ತು. ಆಯುಸ್ಸೆಲ್ಲ ಇಂದಿರಾನಗರದ ಮನೆಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕಿದ ಮುನಿನಾರಾಯಣಪ್ಪ, ಹೆಂಡದಂಗಡಿಯ ಮೆಟ್ಟಿಲು ಹತ್ತದವನು, ಊರ ಬಾಯಲ್ಲಿ ಕುಡುಕನಾಗಿದ್ದ. ಆಂಜನಮ್ಮ ಪಿಳ್ಳಪ್ಪನ ಕೈಯಿಂದ ಬಾಟ್ಲಿ ಕಿತ್ತುಕೊಂಡಳು.

*

ಒಂದು ವರ್ಷದ ಹಿಂದೆ, 2005ರಲ್ಲಿ, ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದರು: “ಊರಲ್ಲಿ ಇಂಜೆಕ್ಷನ್ ಚುಚ್ಚಿಸ್ಕೋತಿದ್ರಾ?”

“ವಾರವಾರ. ಸೈಕಲ್ ತುಳಿದು ಸೊಂಟ ನೋವು ಇವರಿಗೆ. ನಮ್ ಚಂದ್ರಾಮಪ್ಪ ಡಾಕ್ಟ್ರು ನೋವಿಗೊಂದು, ಶಕ್ತಿಗೊಂದು ಹಾಕೋರು.”

“ಪ್ರತಿ ಸಲ ಹೊಸ ಸೂಜೀನಾ?”

ಆಂಜನಮ್ಮನ ಕಣ್ಣಿಗೆ ಚಂದ್ರಾಮಪ್ಪನ ಜಗಲಿ ಬಂತು. ಅಂಗಿತೋಳು ಮಡಚಿ ನಿಂತ ಸಾಲು, ಸೂಜಿ ಅದ್ದಿ ತೆಗೆಯಲು ಸ್ಟೀಲ್ ತಟ್ಟೆಯಲ್ಲಿ ಒಂದಿಷ್ಟು ಬೆಚ್ಚನೆ ನೀರು, ಎಲ್ಲರಿಗೂ ಅದೇ ಸೂಜಿ. ಸೂಜಿ ಬಿಟ್ಟು ಬರೀ ಮಾತ್ರೆ ಕೊಟ್ಟರೆ ಜಗಳಕ್ಕೆ ನಿಲ್ಲುತ್ತಿದ್ದವರೂ ಇದೇ ಜನ.

“ಹೆಪಟೈಟಿಸ್ ಸಿ. ರಕ್ತ ತಗಲಿದ ಸೂಜಿಯಿಂದ ಹರಡಿ ಲಿವರ್ ತಿನ್ನೋ ಕಾಯಿಲೆ. ಈ ವೈರಸ್ಸು ಮೈಯಿಂದ ಮೈಗೆ ಹೋಗ್ತಾ ರೂಪ ಬದಲಾಯಿಸ್ತಾನೇ ಇರುತ್ತೆ. ಆದ್ರೂ ಅಣ್ಣತಮ್ಮಂದಿರ ಮುಖದ ಹಾಗೆ ಹೋಲಿಕೆ ಉಳ್ಕೊಳ್ಳುತ್ತೆ. ನಿಮ್ಮೂರಿಂದ ಬಂದ ಮೂರು ಜನದ್ದೂ ಒಂದೇ ಬುಡದ್ದು ಅಮ್ಮ. ಊರಲ್ಲಿ ಎಲ್ರಿಗೂ ರಕ್ತ ಟೆಸ್ಟ್ ಮಾಡಿಸ್ಕೊಳ್ಳೋಕೆ ಹೇಳಿ.”

ಆಂಜನಮ್ಮ ಊರಿಗೆಲ್ಲ ಹೇಳಿದಳು. ಗಂಡನ ಕುಡಿತ ಮುಚ್ಚಿಡಲು ಡಾಕ್ಟರ ಹೆಸರು ಕೆಡಿಸುತ್ತಾಳೆ ಎಂದರು ಜನ.

*

ಬಾಟ್ಲಿ ಇನ್ನೂ ಆಂಜನಮ್ಮನ ಕೈಯಲ್ಲೇ ಇತ್ತು. ಹಾರ ಹಿಡಿದು ಚಂದ್ರಾಮಪ್ಪ ಬಂದ. ಜನ ಎದ್ದು ದಾರಿ ಬಿಟ್ಟರು.

“ಒಳ್ಳೇ ಮನುಷ್ಯ ಕಣಮ್ಮ. ಕುಡಿತ ಒಂದು ಬಿಟ್ಟಿದ್ರೆ…”

“ಕೈ ಚಾಚು,” ಎಂದಳು ಆಂಜನಮ್ಮ.

ಆ ಊರಲ್ಲಿ ಎಂದೂ ಏಕವಚನ ಕೇಳದ ಚಂದ್ರಾಮಪ್ಪ ತಬ್ಬಿಬ್ಬಾಗಿ ಚಾಚಿದ. ಹಾರದ ಮೇಲೆ, ಬೆರಳುಗಳ ಮೇಲೆ, ಅವಳು ಬಾಟ್ಲಿಯನ್ನು ಪೂರ್ತಿ ಬೋರಲು ಹಾಕಿದಳು.

“ಸೂಜಿ ತೊಳೀಲಿಲ್ಲ. ಕೈಯಾದ್ರೂ ತೊಳ್ಕೋ! ಒಂದೇ ಸೂಜೀಲಿ ಇಷ್ಟೂ ಜನಕ್ಕೆ ಚುಚ್ಚಿದ್ಯಲ್ಲೋ. ನನ್ ಗಂಡಂಗೆ ಬಂದಿದ್ದು ಹೆಂಡದಿಂದಲ್ಲ, ಇಲ್ಲಿ ಕೂತಿರೋ ಯಾರದೋ ರಕ್ತದಿಂದ!”

ಚಂದ್ರಾಮಪ್ಪನ ಬೆರಳುಗಳಿಂದ ಬ್ರಾಂದಿ ತೊಟ್ಟಿಕ್ಕುತ್ತಿತ್ತು. ಪಿಳ್ಳಪ್ಪ ಮೆಲ್ಲಗೆ ಅಂಗಿಯ ತೋಳು ಮೇಲೆ ಸರಿಸಿ ನೋಡಿಕೊಂಡ. ಆಮೇಲೆ ಅವನ ಪಕ್ಕದವನು. ಆಮೇಲೆ ಅಂಗಳದ ತುಂಬ ಜನ ತಮ್ಮತಮ್ಮ ತೋಳು ಸವರಿಕೊಳ್ಳತೊಡಗಿದರು.